ದೀಪ ಹಿಡಿದ ಕೈ ಯಾವುದು

ಮಲೇಷ್ಯಾದ ಮೆಲಾಕಾ ಊರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಮತ್ತು ಸ್ಕ್ಯಾನ್‌ಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ಅವನ್ನು ಹೇಗೆ ನೋಡಬೇಕೆಂದು ಪಕ್ಕದ ಕಾಲೇಜಿನ ಹುಡುಗ ಹುಡುಗಿಯರಿಗೆ ಕಲಿಸುತ್ತೇನೆ. ಮೊದಲ ತರಗತಿಯಲ್ಲಿ ಹೇಳಿಕೊಡುವುದು ಎಡ ಬಲ. ರೋಗಿ ನಮ್ಮ ಎದುರು ನಿಂತಿದ್ದಾನೆ ಎಂದುಕೊಳ್ಳಬೇಕು. ನಮ್ಮ ಎಡಕ್ಕೆ ಕಾಣುವುದು ಅವನ ಬಲ. ಇಷ್ಟು ತಿಳಿಯದವರು ಒಳ್ಳೆಯ ಮೂತ್ರಪಿಂಡ ತೆಗೆಸಿ ಕೆಟ್ಟದ್ದನ್ನು ಉಳಿಸುತ್ತಾರೆ ಎಂದು ಹೆದರಿಸುತ್ತೇನೆ. ಇದನ್ನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿರುವ ನಾನು ಈ ವರ್ಷ ಗೌರಿ ಹಬ್ಬದ ವಾರದಲ್ಲಿ ಒಬ್ಬ ವೃದ್ಧರಿಗೆ ಎಡವನ್ನು ಬಲ ಎಂದು ಹೇಳಿದೆ. ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆದಿಡುತ್ತೇನೆ.

ಆ ಅಜ್ಜ ಮೊದಲು ಬಂದದ್ದು ಭುಜದ ನೋವಿಗೆ. ಎಂಬತ್ತರ ಆಸುಪಾಸು. ಪಹಾಂಗ್ ರಾಜ್ಯದ ರಾವುಬ್ ಊರಿನವರು, ಮೆಲಾಕಾದಲ್ಲಿರುವ ಮಗಳ ಮನೆಗೆ ಬಂದಿದ್ದರು. ಭುಜದ ಸ್ಕ್ಯಾನ್ ಮಾಡುವಾಗ ಯಂತ್ರ ಎರಡು ಸಲ ನಿಂತಿತು. "ಎಂತ ಮಾರಾಯ್ತಿ ಇದು, ಇವತ್ತೇ ಕೈ ಕೊಡ್ಬೇಕಾ" ಎಂದು ನಾನು ಯಂತ್ರಕ್ಕೇ ಬೈದೆ. ಅಲ್ಲಿಯವರೆಗೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದ ಅಜ್ಜ ತಲೆ ಎತ್ತಿದರು.

"ಕನ್ನಡಾನಾ?"

"ಹೌದು. ಉಡುಪಿ ಕಡೆ."

"ನಮ್ಮಜ್ಜಿ ಕನ್ನಡ. ಕೋಲಾರ. ಚಿನ್ನದ ಗಣಿ ಐತಲ್ಲಾ, ಅಲ್ಲಿ. ನಂಗೆ ಅವಳು ಕಲ್ಸಿದ್ದು ಅಷ್ಟೇ, ಬರೀ ಮಾತು. ಓದಾಕೆ ಬರಲ್ಲ." ಆಡದೆ ಬಹಳ ದಿನವಾದ ಕನ್ನಡ ಅದು. ಒಂದೊಂದು ಪದಕ್ಕೂ ನಿಂತು ಹುಡುಕುತ್ತಿದ್ದರು. ಸಿಗದ ಕಡೆ ತಮಿಳು ಹಾಕುತ್ತಿದ್ದರು.

ರಾವುಬ್ ಎಂದರೆ ಮಲಯ ಭಾಷೆಯಲ್ಲಿ ಕೈಯಿಂದ ಬಾಚಿ ತೆಗೆಯುವುದು. ಅಲ್ಲಿ ಬೊಗಸೆ ಮರಳು ಬಾಚಿದರೆ ಬೊಗಸೆ ಚಿನ್ನ ಎಂದು ಜನ ನುಗ್ಗಿದ ಕಾಲವಿತ್ತಂತೆ. ಚೀನಾದಿಂದ ಬಂದರು, ಆಸ್ಟ್ರೇಲಿಯಾದಿಂದ ಬಂದರು. ಗಣಿಯ ಕೆಲಸ ಮೊದಲೇ ಗೊತ್ತಿದ್ದ ಕೋಲಾರದ ಕೆಲವರನ್ನೂ ಹಡಗು ಹತ್ತಿಸಿ ಕರೆತಂದರೆಂಬುದು ಅಜ್ಜನ ಮನೆಯ ಮಾತು. ಅವರ ತಾತ ಹಾಗೆ ಬಂದವರು. ಗಣಿಯಲ್ಲಿ ದೀಪಗಳ ಉಸ್ತುವಾರಿ ಅವರದು. ಮಗ ಇನ್ನೂ ಕೈಗೂಸಾಗಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಅವರದೊಂದು ಫೋಟೋ ಇಲ್ಲ.

"ಮಹಾಲಯ ಅಮಾಸೆಗೆ ಹಿರಿಯರ ಹಬ್ಬ ಮಾಡ್ತೀವಿ. ಅಪ್ಪಂದು ಫೋಟೋ ಐತೆ, ಅಜ್ಜೀದು ಐತೆ. ತಾತಂಗೆ ಒಂದು ಪಂಚೆ ಮಡ್ಚಿ ಇಡ್ತೀವಿ, ಅದಕ್ಕೇ ಎಡೆ. ಎಂಬತ್ತು ವರ್ಷ ಆಯ್ತು ಡಾಕ್ಟರಮ್ಮಾ, ಪಂಚೆಗೇ ಕೈ ಮುಗೀತಾ ಇವ್ನಿ. ಮುಖ ಹೆಂಗಿತ್ತೋ!"

ಆಮೇಲೆ ಬಂದ ಕಾರಣಕ್ಕಿಂತ ದೊಡ್ಡ ಕಾರಣ ಹೇಳಿದರು. ರಾವುಬ್‌ನಲ್ಲಿ ಒಬ್ಬ ಚೀನೀ ಮುದುಕನ ಫೋಟೋ ಅಂಗಡಿ ಇದೆ. ಅವನ ತಾತ ಆ ಊರಿನ ಮೊದಮೊದಲ ಫೋಟೋಗ್ರಾಫರುಗಳಲ್ಲಿ ಒಬ್ಬ. ಗಾಜಿನ ನೆಗೆಟಿವ್‌ಗಳ ಕಾಲದವನು. ಈಗ ಅಂಗಡಿ ಮುಚ್ಚುತ್ತಿದ್ದಾರೆ. ಪೆಟ್ಟಿಗೆಗಳಲ್ಲಿದ್ದ ಗಾಜುಗಳನ್ನು ಹೊರತೆಗೆದು, ಊರಿನ ಹಳೆಯ ಮನೆಗಳವರನ್ನು ಕರೆದು, ನಿಮ್ಮವರಿದ್ದರೆ ಒಯ್ಯಿರಿ ಎನ್ನುತ್ತಿದ್ದಾನೆ. ಉಳಿದವನ್ನೆಲ್ಲ ಒಟ್ಟಿಗೆ ಕೊಳ್ಳಲು ಹಳೆಯ ಸಾಮಾನಿನ ವ್ಯಾಪಾರಿ ಬರಲಿದ್ದಾನೆ. ಆ ಮೊದಲ ಫೋಟೋಗ್ರಾಫರನಿಗೆ ನಮ್ಮವರ ಹೆಸರು ಬರೆಯಲು ಬರುತ್ತಿರಲಿಲ್ಲ. ಗುರುತಿಗೆಂದು ಗಾಜಿನ ಅಂಚಿನಲ್ಲಿ ಚೀನೀ ಅಕ್ಷರಗಳಲ್ಲಿ ಆಯಾ ಜನರ ಚಹರೆ ಬರೆಯುತ್ತಿದ್ದ: ಬೋಳುತಲೆಯ ದರ್ಜಿ, ಮೂವರು ಮಕ್ಕಳ ಕಾವಲುಗಾರ, ಹೀಗೆ. ಒಂದು ಗಾಜಿನ ಮೇಲೆ ‘ಎಂಟು ಬೆರಳಿನ ದೀಪದವನು’ ಎಂದಿತ್ತು.

"ನಮ್ ತಾತಂಗೂ ಎಂಟೇ ಬೆರಳು. ಎಡಗೈಲಿ ಕಿರುಬೆರಳು, ಅದರ ಪಕ್ಕದ್ದು, ಎರಡೂ ಇರ್ಲಿಲ್ಲ. ಅಜ್ಜಿ ದಿನಾ ಹೇಳೋಳು, ‘ಆ ಎಡಗೈಲೇ ದೀಪ ಹಿಡಿಯೋರು, ಒಂದು ದಿನ ಬೀಳಿಸಿದ್ದಿಲ್ಲ’ ಅಂತ. ಆದ್ರೆ ಗಣಿಲಿ ಬೆರಳು ಹೋದೋರು ಒಬ್ರಾ ಇಬ್ರಾ? ಗಾಜು ನೋಡಿದ್ರೆ ನಂಗೇನೂ ತಿಳಿಯಾಕಿಲ್ಲ, ಮುಖ ಎಲ್ಲಾ ಕರ್ರಗೆ, ಕಣ್ಣು ಬೆಳ್ಳಗೆ, ದೆವ್ವದಂಗೆ. ನೀವು ದಿನಾ ಇಂಥದ್ದೇ ನೋಡ್ತೀರಲ್ಲ. ತರ್ಲಾ?"

ತನ್ನಿ ಎಂದೆ.

ಎರಡು ವಾರದ ನಂತರ ಭುಜ ತೋರಿಸಲು ಬಂದಾಗ ಅಜ್ಜ ಒಂದು ಬಿಸ್ಕತ್ತಿನ ಡಬ್ಬ ತಂದರು. ಒಳಗೆ ಟವೆಲ್ಲಿನಲ್ಲಿ ಸುತ್ತಿದ ಗಾಜು, ಶಾಲೆಯ ಸ್ಲೇಟಿನಷ್ಟು ದೊಡ್ಡದು. ನಮ್ಮಲ್ಲಿ ಈಗ ಎಲ್ಲವೂ ಕಂಪ್ಯೂಟರಿನಲ್ಲೇ. ಹಳೆಯ ಫಿಲ್ಮುಗಳನ್ನಿಟ್ಟು ನೋಡುತ್ತಿದ್ದ ಬೆಳಕಿನ ಪೆಟ್ಟಿಗೆಯೊಂದು ತರಗತಿಯ ಕೋಣೆಯಲ್ಲಿ ಉಳಿದಿತ್ತು. ಅದನ್ನು ಮೇಜಿನ ಮೇಲೆ ಮಲಗಿಸಿದೆ. ಗಾಜಿನ ಒಂದು ಬದಿ ನುಣುಪಾಗಿ ಹೊಳೆಯುತ್ತಿತ್ತು. ಇನ್ನೊಂದು ಬದಿಯಲ್ಲಿ ಚಿತ್ರವಿದ್ದ ಲೇಪ, ಮಂಕಾಗಿ, ಅಂಚಿನಲ್ಲಿ ಸ್ವಲ್ಪ ಎದ್ದಿತ್ತು. ಲೇಪ ಪೆಟ್ಟಿಗೆಗೆ ಉಜ್ಜಿ ಹಾಳಾಗಬಾರದೆಂದು ಹೊಳೆಯುವ ಬದಿಯನ್ನು ಕೆಳಗೆ ಮಾಡಿ, ಲೇಪದ ಬದಿ ನನ್ನ ಕಡೆಗೆ ಬರುವಂತೆ ಇಟ್ಟೆ. ಬಹಳ ಎಚ್ಚರದಿಂದ ಇಟ್ಟೆ. ತಪ್ಪು ಆದದ್ದು ಆ ಎಚ್ಚರದಲ್ಲೇ.

ಏಳು ಗಂಡಸರು, ಒಬ್ಬ ಹೆಂಗಸು. ಹಿಂದೆ ಗಣಿಯ ಬಾಯಿಗೆ ಹೊಡೆದ ಮರದ ಚೌಕಟ್ಟು. ಹೆಂಗಸು ಕೊನೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ತಲೆ ಅಲುಗಿಸಿದ್ದರಿಂದ ಮುಖ ಕಲಸಿಹೋಗಿತ್ತು. ನಡುವಿನವನ ಕೈಯಲ್ಲಿ ದೀಪ. ಹಿಡಿಕೆಯನ್ನು ಮೂರು ಬೆರಳು ಸುತ್ತಿದ್ದವು, ಉಳಿದ ಎರಡರ ಜಾಗದಲ್ಲಿ ಮೊಂಡು ಗೆಣ್ಣುಗಳು. ಭೂತಕನ್ನಡಿ ಹಿಡಿದು ಮೂರು ಸಲ ನೋಡಿದೆ. ಕೈ ನನ್ನ ಎಡಕ್ಕಿತ್ತು.

"ಇದು ಬಲಗೈ ಅಜ್ಜ" ಎಂದೆ.

"ಬಲಗೈಯಾ?"

"ಬಲಗೈ. ಕಿರುಬೆರಳು, ಉಂಗುರ ಬೆರಳು, ಎರಡೂ ಇಲ್ಲ. ಆದರೆ ಬಲಗೈಯದ್ದು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆ ಹೆಂಗಸಿನ ಸೆರಗು ಬಲ ಹೆಗಲ ಮೇಲಿತ್ತು. "ನೋಡಿ, ಇವಳು ಕೋಲಾರದ ಕಡೆಯವಳಲ್ಲ. ಸೆರಗು ಬಲಕ್ಕೆ ಬಂದಿದೆ. ಕೊಡಗಿನವರೋ ಗುಜರಾತಿನವರೋ ಹಾಗೆ ಉಡುತ್ತಾರೆ. ಇದು ಬೇರೆಯವರ ಗುಂಪೇ ಇರಬೇಕು" ಎಂದು ಸೇರಿಸಿದೆ. ತಪ್ಪಿಗೆ ಎರಡನೆಯ ಸಾಕ್ಷಿಯನ್ನೂ ನಾನೇ ಒದಗಿಸಿದೆ.

ಅಜ್ಜ ಗಾಜನ್ನು ಇನ್ನೊಮ್ಮೆ ನೋಡಲಿಲ್ಲ. ಟವೆಲ್ಲಿನಲ್ಲಿ ಸುತ್ತಿ, ಡಬ್ಬದಲ್ಲಿಟ್ಟು, ಮುಚ್ಚಳ ಒತ್ತಿದರು. "ಅಜ್ಜಿ ಸುಳ್ಳು ಹೇಳೋಳಲ್ಲ" ಎಂದರು. "ಆಯ್ತು ಬುಡಿ. ಶನಿವಾರ ಆ ವ್ಯಾಪಾರಿ ಬತ್ತಾನೆ, ಅಷ್ಟರಲ್ಲಿ ವಾಪಸ್ ಕೊಟ್ಟರಾಯ್ತು." ಬಾಗಿಲ ಹತ್ತಿರ ತಿರುಗಿ ಥ್ಯಾಂಕ್ಸ್ ಹೇಳಿದರು. ಅದು ಮಂಗಳವಾರ.

ನನ್ನ ಮಗಳು ನಿಲಾಯ್‌ನಲ್ಲಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ಆ ಶುಕ್ರವಾರ ಸಂಜೆ ಅವರ ಕಾಲೇಜಿನ ಕನ್ನಡದವರು ಸೇರಿ ಗೌರಿ ಗಣೇಶ ಹಬ್ಬದ ಊಟ ಇಟ್ಟುಕೊಂಡಿದ್ದರು. ನನ್ನ ಹಸಿರು ಸೀರೆ ಒಯ್ದಿದ್ದಳು. ಆರು ಗಂಟೆಗೆ ಫೋಟೋ ಕಳಿಸಿದಳು. ನೆರಿಗೆ ಚೆನ್ನಾಗಿತ್ತು. ಸೆರಗು ಬಲ ಹೆಗಲ ಮೇಲಿತ್ತು. ಫೋನ್ ಮಾಡಿದೆ.

"ಎಂತ ಮಗಾ ಇದು, ಸೆರಗು ಬಲಕ್ಕೆ ಹಾಕಿದ್ದೀಯಲ್ಲ? ಎಷ್ಟು ಸಲ ಹೇಳಿಕೊಟ್ಟಿದ್ದೇನೆ!"

"ಅಮ್ಮಾ, ಇಟ್ಸ್ ಮಿರರ್ ಲಾ. ಸೆಲ್ಫಿ! ಸೆರಗು ಲೆಫ್ಟ್‌ನಲ್ಲೇ ಇದೆ. ಫೋನ್ ಉಲ್ಟಾ ಮಾಡ್ತದೆ."

"ಉಲ್ಟಾ ಅಂದರೆ?"

"ಉಲ್ಟಾ ಅಂದ್ರೆ ಉಲ್ಟಾ ಅಮ್ಮಾ. ಲೆಫ್ಟ್ ರೈಟ್ ಚೇಂಜ್. ಯು ಆರ್ ದಿ ಡಾಕ್ಟರ್, ಯು ಟೆಲ್ ಮಿ!"

ಅವಳು ನಗುತ್ತಿದ್ದಳು. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತೆ. ಲೇಪದ ಬದಿಯಿಂದ ನೋಡಿದ್ದರಿಂದ ಗಾಜು ನನಗೆ ಕನ್ನಡಿಯಂತೆ ಉಲ್ಟಾ ತೋರಿಸಿತ್ತು. ಗಾಜಿನ ಆ ಹೆಂಗಸು ಕೊಡಗಿನವಳೂ ಅಲ್ಲ, ಗುಜರಾತಿನವಳೂ ಅಲ್ಲ. ಅವಳ ಸೆರಗು ಎಡ ಹೆಗಲ ಮೇಲೆಯೇ ಇತ್ತು. ಅವಳ ಸೆರಗು ಎಡಕ್ಕಿದ್ದರೆ ಅವನ ದೀಪವೂ ಎಡಗೈಯಲ್ಲೇ ಇತ್ತು. ಆಸ್ಪತ್ರೆಯ ಫಿಲ್ಮಿನ ಮೂಲೆಯಲ್ಲಿ ಎಡ ಬಲ ತಿಳಿಸುವ ಸೀಸದ ಅಕ್ಷರ ಮೂಡಿರುತ್ತದೆ. ಅದು ತಿರುಗಿದ್ದರೆ ಫಿಲ್ಮು ತಿರುಗಿದೆ ಎಂದರ್ಥ. ಈ ಗಾಜಿನಲ್ಲೂ ಅಕ್ಷರಗಳಿದ್ದವು. ಚೀನೀ ಅಕ್ಷರಗಳು. ಅವು ತಿರುಗಿವೆಯೋ ನೆಟ್ಟಗಿವೆಯೋ ನನಗೆ ಹೇಗೆ ಗೊತ್ತಾಗಬೇಕು? ಯಾರನ್ನಾದರೂ ಕೇಳಬಹುದಿತ್ತು. ನನ್ನ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಮೂವರು ಚೀನೀ ತಂತ್ರಜ್ಞರು ಕೂರುತ್ತಾರೆ.

ಅಜ್ಜನಿಗೆ ಫೋನ್ ಇರಲಿಲ್ಲ; ಮೊದಲ ಸಲ ಬಂದಾಗ ಅವರು ಕೊಟ್ಟಿದ್ದ ಫೋಟೋ ಅಂಗಡಿಯ ಹಳೆಯ ಕಾರ್ಡು ಮಾತ್ರ ನನ್ನಲ್ಲಿತ್ತು. ಆ ನಂಬರಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ನಾಲ್ಕು ಸಲ ಮಾಡಿದೆ.  ಮಗಳಿಗೆ ಮತ್ತೆ ಫೋನ್ ಮಾಡಿ ಎಲ್ಲ ಹೇಳಿ, ಬೆಳಿಗ್ಗೆ ರಾವುಬ್‌ಗೆ ಹೋಗುತ್ತೇನೆಂದೆ.

ಶನಿವಾರ ಬೆಳಕು ಹರಿಯುವಾಗ ಹೊರಟೆ. ನಿಲಾಯ್‌ನಲ್ಲಿ ಮಗಳು ಕಾರು ಹತ್ತಿದಳು. ನಾನು ಒಬ್ಬಳೇ ಬೆಟ್ಟದ ರಸ್ತೆಯಲ್ಲಿ ಹೋಗುವುದು ಬೇಡವೆಂದು ಅವಳೇ ಹಟ ಹಿಡಿದಿದ್ದಳು. ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೋಟಿ ಚನಾಯ್ ಕಟ್ಟಿಸಿ, ಇಲ್ಲಿನ ಮಾತಿನಲ್ಲಿ ತಪಾವ್ ಮಾಡಿಸಿ, ಕಾರಿನಲ್ಲೇ ತಿಂದಳು, ನನ್ನ ಬಾಯಿಗೂ ಒಂದು ತುಂಡು ಇಟ್ಟಳು. ಬೆಂಟಾಂಗ್ ದಾಟಿದ ಮೇಲೆ ಡುರಿಯನ್ ತೋಟಗಳು.  ಅಲ್ಲಿ ಮಗಳು ಕೇಳಿದಳು, "ಅಮ್ಮಾ, ಗ್ಲಾಸ್ ಮಾರಿಬಿಟ್ಟಿದ್ರೆ?"

"ಕೊಂಡವನ ಹಿಂದೆ ಹೋಗುವುದು."

"ಓಕೆ" ಎಂದಳು.

ಅಂಗಡಿ ಹಳೆಯ ಸಾಲುಮನೆಗಳ ಬೀದಿಯಲ್ಲಿತ್ತು. ಮುಂದೆ ವ್ಯಾನು ನಿಂತಿತ್ತು. ಹಿಂದಿನ ಬಾಗಿಲು ತೆರೆದು ಪೆಟ್ಟಿಗೆ ಏರಿಸುತ್ತಿದ್ದರು. ನಾನು ಕಾರನ್ನು ಎಲ್ಲಿ ನಿಲ್ಲಿಸಿದೆನೆಂದು ಈಗ ನೆನಪಿಲ್ಲ. ಒಳಗೆ ಬನಿಯನ್ ಮತ್ತು ಚಡ್ಡಿ ತೊಟ್ಟ ಚೀನೀ ಮುದುಕರು ಪಟ್ಟಿ ಹಿಡಿದು ಪೆಟ್ಟಿಗೆಗಳನ್ನು ಸರಿನೋಡುತ್ತಿದ್ದರು. ಇಂಗ್ಲಿಷಿನಲ್ಲಿ, ನಡುನಡುವೆ ಮಲಯದಲ್ಲಿ, ಆದದ್ದನ್ನೆಲ್ಲ ಹೇಳಿದೆ. ಅವರ ಉತ್ತರವನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಎಂಟು ಬೆರಳಿನ ಗಾಜಾ? ಅವನು ವಾಪಸ್ ತರಲೇ ಇಲ್ಲ ಲಾ. ಇವತ್ತು ತರ್ತಾನೆ ಅಂತ ಕಾಯ್ತಾ ಇದ್ದೀನಿ."

ಗಾಜು ವ್ಯಾನಿನಲ್ಲಿರಲಿಲ್ಲ. ನಾನು ಹತ್ತಿರವಿದ್ದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ, ಅವರು ಗಾಬರಿಯಿಂದ "ಅದರ ಮೇಲಲ್ಲ, ಅದರೊಳಗೆ ಗಾಜು!" ಎಂದು ಎಬ್ಬಿಸಿದರು.

ಆಮೇಲೆ ಬೇರೊಂದು ಗಾಜು ತೆಗೆದು ಕಿಟಕಿಗೆ ಹಿಡಿದರು. "ಮಂಕು ಬದಿ ಆಚೆಗೆ, ಹೊಳಪು ಬದಿ ನಿನ್ನ ಕಡೆಗೆ. ಹೀಗೆ ಹಿಡಿದರೆ ಜನ ಹೇಗೆ ನಿಂತಿದ್ರೋ ಹಾಗೇ ಕಾಣ್ತಾರೆ. ನೀನು ಹೇಗೆ ಇಟ್ಟೆ?"

ತೋರಿಸಿದೆ.

"ಅಯ್ಯಯ್ಯೋ! ಡಾಕ್ಟರ್, ಹೊಟ್ಟೆ ಕೂಡ ಹೀಗೇ ತಿರುಗಿಸಿ ನೋಡ್ತೀಯಾ? ಅಂಚಲ್ಲಿ ನಮ್ಮ ತಾತನ ಅಕ್ಷರ ಇತ್ತಲ್ಲ, ಉಲ್ಟಾ ಅಂತ ಕಾಣಲಿಲ್ವಾ?"

"ನನಗೆ ಆ ಅಕ್ಷರ ಯಾವ ಕಡೆಯಿಂದ ನೋಡಿದರೂ ಒಂದೇ ಅಂಕಲ್."

ಅವರು ಪಟ್ಟಿ ಕೆಳಗಿಟ್ಟು ನಕ್ಕರು. ನಗು ನಿಂತ ಮೇಲೆ ಇನ್ನೊಂದು ಮಾತು ಹೇಳಿದರು. ಗಣಿಯವರು ಫೋಟೋ ತೆಗೆಸುತ್ತಿದ್ದದ್ದು ಊರಿಗೆ ಕಳಿಸಲು, ತಾವು ಬದುಕಿದ್ದೇವೆ, ಮೈ ಕೈ ನೆಟ್ಟಗಿದೆ ಎಂದು ತೋರಿಸಲು. ಊನವಾದ ಕೈಯನ್ನು ಫೋಟೋಗ್ರಾಫರನೇ ಬೆನ್ನ ಹಿಂದೆ ಇಡಿಸುತ್ತಿದ್ದ, ಕುರುಡು ಕಣ್ಣಿದ್ದರೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದ. "ಬೆರಳಿಲ್ಲದ ಕೈಯನ್ನ ಮುಂದೆ ಚಾಚಿದವನು ಇವನೊಬ್ಬನೇ. ಅದಕ್ಕೇ ನಮ್ಮ ತಾತ ಹಾಗೆ ಬರೆದಿಟ್ಟಿರಬೇಕು."

ವ್ಯಾಪಾರಿಗೆ ಕಾಯಲು ಹೇಳಿ ತಮ್ಮ ಚಿಕ್ಕ ಮೋಟಾರುಬೈಕು ಹತ್ತಿದರು. ಎಂಬತ್ತು ವರ್ಷದವರು, ಬನಿಯನ್‌ನಲ್ಲೇ, ನಮ್ಮ ಕಾರಿಗಿಂತ ಜೋರಾಗಿ ಮುಂದೆ ಹೋದರು.

ಅಜ್ಜನ ಮನೆ ಊರಿನ ಹೊರಗೆ, ತಗಡಿನ ಸೂರಿನದು. ಅವರು ಜಗುಲಿಯಲ್ಲಿ ಕುಳಿತು ತೆಂಗಿನಗರಿಯ ಕಡ್ಡಿ ಸೀಳುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಫೋಟೋ ಅಂಗಡಿಯವರು ಮಲಯದಲ್ಲಿ ಜಗಳ ಶುರುಮಾಡಿದ್ದರು: ನಿನ್ನವರಲ್ಲ ಎಂದ ಮೇಲೂ ಗಾಜು ಯಾಕೆ ತರಲಿಲ್ಲ, ವ್ಯಾನು ಕಾಯುತ್ತಿದೆ ಎಂದು. ಅಜ್ಜ ಅವರಿಗೆ ಉತ್ತರ ಕೊಡದೆ ನನ್ನ ಕಡೆಗೆ ತಿರುಗಿದರು. ಕದ್ದು ಸಿಕ್ಕಿಬಿದ್ದವರ ಮುಖ.

"ತರ್ಬೇಕು ಅಂತ ಎರಡು ಸಲ ಹೊಂಟೆ ಡಾಕ್ಟರಮ್ಮಾ. ಆಗ್ಲಿಲ್ಲ. ನಮ್ಮೋರಲ್ದಿದ್ರೇನು, ಯಾರೋ ಒಬ್ರ ತಾತಂದಿರು ತಾನೇ? ಆ ವ್ಯಾಪಾರಿ ಎಲ್ಲಿ ಮಾರ್ತಾನೋ, ಯಾವ ಹೋಟೆಲ್ ಗೋಡೆಗೆ ಹಾಕ್ತಾನೋ. ಹಬ್ಬ ಮುಗಿಯೋಗಂಟ ಇಲ್ಲೇ ಇರ್ಲಿ, ಎಡೇಲಿ ಇವ್ರಿಗೂ ಒಂದು ಪಾಲು ಇಡಾಣ ಅಂದ್ಕೊಂಡೆ. ತಪ್ಪಾ?"

"ತಪ್ಪು ನನ್ನದು ಅಜ್ಜ" ಎಂದೆ. "ನಾನು ಗಾಜನ್ನು ತಿರುಗಿಸಿ ಇಟ್ಟು ನೋಡಿದೆ. ಅದು ಬಲಗೈ ಅಲ್ಲ."

ಅಜ್ಜನ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಕತ್ತಿ ಇತ್ತು. ಎರಡನ್ನೂ ಕೆಳಗಿಟ್ಟು ತಮ್ಮ ಕೈಗಳನ್ನೇ ಒಮ್ಮೆ ನೋಡಿಕೊಂಡರು, ಯಾವುದು ಯಾವುದೆಂದು ಖಚಿತ ಮಾಡಿಕೊಳ್ಳುವವರ ಹಾಗೆ. ಆಮೇಲೆ ಎಡಗೈ ಎತ್ತಿದರು.

"ಇದಾ?"

"ಅದೇ. ಕಿರುಬೆರಳು, ಉಂಗುರ ಬೆರಳು. ಎಡಗೈಯಲ್ಲೇ ದೀಪ ಹಿಡಿದಿದ್ದಾರೆ. ಇವರು ನಿಮ್ಮ ತಾತನೇ ಎಂದು ಪ್ರಮಾಣ ಮಾಡಿ ಹೇಳಲು ನನ್ನಿಂದಾಗದು. ಅಲ್ಲ ಎಂದು ಹೇಳಲು ನನ್ನಲ್ಲಿದ್ದ ಕಾರಣ ಮಾತ್ರ ಈಗ ಇಲ್ಲ."

ನನ್ನ ಇಷ್ಟೆಲ್ಲ ಅಳೆದ ಮಾತು ಅವರಿಗೆ ಬೇಕಿರಲಿಲ್ಲ. ಅವರು ಆಗಲೇ ಒಳಗೆ ಹೋಗಿದ್ದರು. ದೇವರ ಗೂಡಿನಿಂದ ಗಾಜನ್ನು ಎರಡೂ ಕೈಯಲ್ಲಿ ತಂದರು. ಈ ಸಲ ನಾನು ಮುಟ್ಟಲಿಲ್ಲ. ಫೋಟೋ ಅಂಗಡಿಯವರೇ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮಂಕು ಬದಿ ಆಚೆಗೆ, ಹೊಳಪು ಬದಿ ಈಚೆಗೆ. ಅಂಚಿನ ಅಕ್ಷರಗಳನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು. ಬುಟ್ಟಿಯ ಹೆಂಗಸಿನ ಸೆರಗು ಎಡ ಹೆಗಲ ಮೇಲಿತ್ತು. ಮೊದಲು ಅದನ್ನು ನೋಡಿದೆ, ಆಮೇಲೆ ದೀಪವನ್ನು. 

ಮಗಳು ಫೋನಿನಿಂದ ಗಾಜಿನ ಚಿತ್ರ ತೆಗೆದಳು. ಹಿಂದಿನ ಕ್ಯಾಮೆರಾ ಎಂದು ನನಗೆ ತೋರಿಸಿಯೇ ತೆಗೆದಳು. ಕಪ್ಪು ಬಿಳುಪು ಅದಲು ಬದಲು ಮಾಡಿ, ದೀಪದವನ ಮುಖ ದೊಡ್ಡದು ಮಾಡಿ, ಅಜ್ಜನ ಮುಂದೆ ಹಿಡಿದಳು. ದೆವ್ವಗಳು ಹೋಗಿ ಮನುಷ್ಯರು ಬಂದಿದ್ದರು.

ಇಪ್ಪತ್ತೈದು ದಾಟದ ಹುಡುಗ. ತಲೆಗೆ ಬಿಗಿದ ರುಮಾಲು, ಆಗಷ್ಟೇ ಮೂಡಿದ ಮೀಸೆ, ಎರಡೂ ಕಡೆ ಚಾಚಿಕೊಂಡ ಕಿವಿ. ನಗಬಾರದೆಂದು ಯಾರೋ ಹೇಳಿದ್ದಕ್ಕೆ ತುಟಿ ಬಿಗಿಹಿಡಿದಿದ್ದ.

"ಅಮ್ಮಾ, ಇಯರ್ಸ್ ನೋಡು" ಎಂದು ಮಗಳು ಪಿಸುಗುಟ್ಟಿದಳು. "ಸೇಮ್ ಸೇಮ್ ಲಾ." ಅಜ್ಜನ ಕಿವಿಗಳನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವರ ಭುಜದ ಎಲುಬು, ಸ್ನಾಯು ಎಲ್ಲ ನೋಡಿದ್ದೆ.

ಅಜ್ಜ ಫೋನನ್ನು ದೂರ ಹಿಡಿದರು, ಹತ್ತಿರ ತಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ಯಾರಮ್ಮಾ ಈ ಹುಡ್ಗ?" ಎಂದರು. ಕೂಡಲೇ ನಾಲಿಗೆ ಕಚ್ಚಿಕೊಂಡರು. "ಇವನು... ಇವರು. ಇವರಾ?"

"ಇವರೇ" ಎಂದರು ಫೋಟೋ ಅಂಗಡಿಯವರು. ಕನ್ನಡ ಬಾರದಿದ್ದರೂ ಪ್ರಶ್ನೆ ಏನೆಂದು ಅವರಿಗೆ ಗೊತ್ತಾಗಿತ್ತು, ಮಲಯದಲ್ಲಿ ಹೇಳಿದರು.

"ನಮ್ ಕಡೇ ಮೊಮ್ಮಗನಿಗಿಂತ ಚಿಕ್ಕವ್ನು" ಎಂದು ಅಜ್ಜ ನನಗೆ ಹೇಳಿದರು. "ನಾನು ಬಿಳಿ ಗಡ್ಡ, ಕೋಲು, ಹಂಗೆಲ್ಲಾ ಅಂದ್ಕೊಂಡಿದ್ದೆ. ನಾನೇ ಮುದುಕ, ಇವನು ನೋಡಿದ್ರೆ... ಇವರು ನೋಡಿದ್ರೆ... ಏನಂತ ಕರೀಲಿ ಡಾಕ್ಟರಮ್ಮಾ? ತಾತ ಅನ್ನಾಕೆ ಬಾಯೇ ಬರ್ತಿಲ್ಲ."

ಮುಖ ಇನ್ನಷ್ಟು ದೊಡ್ಡದಾಗಿ ಕಾಣುವಂತೆ ನಾನು ಪರದೆಯನ್ನು ಹಿಗ್ಗಿಸಿಕೊಟ್ಟೆ. 

ಅವರು ಪರದೆಯ ಮೇಲೆ ಹೆಬ್ಬೆರಳಿಟ್ಟು, ಆ ಹುಡುಗನ ಗಲ್ಲವನ್ನು ಮೆಲ್ಲಗೆ ಸವರಿದರು. ಚಿತ್ರ ಸರಿದು ದೀಪ ಬಂತು, ಮತ್ತೆ ಸರಿಸಿದರು, ಮುಖ ಬಂತು. "ಊಟ ಆಯ್ತೇನಪ್ಪಾ?" ಎಂದು ಕೇಳಿದರು, ಸಂಜೆ ಕೆಲಸದಿಂದ ಮನೆಗೆ ಬಂದ ಮಕ್ಕಳನ್ನು ಕೇಳುವ ದನಿಯಲ್ಲಿ.